ಬಲತುದಿಯ ಅಳಿಯಂದಿರು

ನಮ್ಮತ್ತೆ ತೆಗೆದ ಗ್ರೂಪ್ ಫೋಟೋ ನಿಮ್ಮ ಮನೆಯ ಗೋಡೆಯ ಮೇಲಿದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ನಡುವೆ ಕುರ್ಚಿಗಳ ಮೇಲೆ ಹಿರಿಯರು ಕೂತಿರುತ್ತಾರೆ. ನೋಡುವವರ ಎಡಕ್ಕೆ ಗಂಡುಮಕ್ಕಳು, ಸೊಸೆಯಂದಿರು, ಬಲಕ್ಕೆ ಹೆಣ್ಣುಮಕ್ಕಳು, ಮುಂದೆ ನೆಲದ ಮೇಲೆ ಮೊಮ್ಮಕ್ಕಳು. ಬಲಗಡೆಯ ಕಟ್ಟಕಡೆಗೆ, ಇನ್ನೊಂದು ಹೆಜ್ಜೆ ಸರಿದರೆ ಚೌಕಟ್ಟಿನಿಂದಲೇ ಆಚೆ ಹೋಗುವಂತೆ ಒಬ್ಬ ನಿಂತಿರುತ್ತಾನಲ್ಲ, ಅವನೇ ಆ ಮನೆಯ ಅಳಿಯ.

"ಅಳಿಯಂದಿರನ್ನ ಯಾಕತ್ತೆ ತುದೀಗೇ ನಿಲ್ಲಿಸ್ತೀರಿ?" ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ಅವ್ರು ಬರೋದು ಎಲ್ಲರಿಗಿಂತ ಕೊನೇಲಿ, ಹೋಗೋದು ಎಲ್ಲರಿಗಿಂತ ಮೊದ್ಲು. ನಡುವೆ ನಿಲ್ಲಿಸಿದ್ರೆ ಸಾಲಿನಲ್ಲಿ ತೂತು ಬೀಳುತ್ತೆ," ಎಂದಿದ್ದರು.

ಅವರಿಗಿರುವುದು ಒಬ್ಬಳೇ ಮಗಳು, ಹಾಗಾಗಿ ನಾನು ಒಬ್ಬನೇ ಅಳಿಯ. ಕಸುಬಿನಲ್ಲಿ ಬಡಗಿ. ಬಾಗಿಲು, ಕಿಟಕಿ, ಕಪಾಟು ಮಾಡುತ್ತೇನೆ. ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ, ನಾಲಿಗೆ ಮಾತ್ರ ಸ್ವಲ್ಪ ಉದ್ದ. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಅತ್ತೆಗೆ ಗ್ರೂಪಮ್ಮ ಅಂತಲೇ ಹೆಸರು. ಸ್ಟುಡಿಯೋ ಮೊದಲು ಮಾವನದಾಗಿತ್ತು. ಮಾವ ಸಾಧು ಮನುಷ್ಯ, ದನಿಯೂ ಸಾಧು. ಒಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ ಗುರುತಿನ ಚೀಟಿಗೆ ಫೋಟೋ ತೆಗೆಯುವುದರಲ್ಲಿ ಎತ್ತಿದ ಕೈ. ಹತ್ತು ಜನ ಸೇರಿದರೆ ಮಾತ್ರ ಅವರ ಮಾತು ಎರಡನೇ ಸಾಲು ದಾಟುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಫೋಟೋಗಳ ಅಂಚು ಕತ್ತರಿಸುತ್ತ ಕೂತಿರುತ್ತಿದ್ದ ಅತ್ತೆ ಒಂದು ದಿನ ತಡೆಯಲಾರದೆ ಹೊರಗೆ ಬಂದು, "ಏಯ್, ಮೂರನೇ ಸಾಲಿನ ಮೀಸೆ! ಗದ್ದ ಇಳ್ಸು! ನೀಲಿ ಸೀರೆ, ನಿನ್ನ ಮುಂದಿನವಳ ತಲೆ ತಿನ್ಬೇಡ, ಪಕ್ಕಕ್ಕೆ ಬಾ!" ಎಂದು ಕೂಗಿದರಂತೆ. ಎರಡು ನಿಮಿಷದಲ್ಲಿ ನಲವತ್ತು ಜನ ನೆಟ್ಟಗೆ ನಿಂತರು. ಅಂದಿನಿಂದ ಜನರನ್ನು ನಿಲ್ಲಿಸುವುದು ಅತ್ತೆಯ ಕೆಲಸ, ಗುಂಡಿ ಒತ್ತುವುದು ಮಾವನ ಕೆಲಸ. ಮಾವ ತೀರಿಕೊಂಡಾಗ ಅತ್ತೆಗೆ ನಲವತ್ತೊಂದು. ಹದಿಮೂರನೇ ದಿನ ಕಳೆಯುವುದರೊಳಗೆ ಶಾಲೆಯೊಂದರಿಂದ ಕರೆ ಬಂತು. ಹೋದರು, ನಿಲ್ಲಿಸಿದರು, ತಾವೇ ಗುಂಡಿ ಒತ್ತಿದರು. ಅದಾಗಿ ಇಪ್ಪತ್ತೆರಡು ವರ್ಷ.

ಗ್ರೂಪ್ ಫೋಟೋ ಬಗ್ಗೆ ಅವರದೊಂದು ಮಾತಿದೆ. "ಕೈಗೆ ಫೋಟೋ ಬಂದ್ಮೇಲೆ ಯಾರೂ ಗ್ರೂಪ್ ನೋಡಲ್ಲ ಕಣ್ರೀ. ಮೊದ್ಲು ಅವರವರ ಮೂತಿ ಹುಡುಕ್ಕೋತಾರೆ. ಇನ್ನೂರು ಜನ ಇದ್ರೆ ಇನ್ನೂರು ಫೋಟೋ ತೆಗ್ದಂಗೆ. ಒಂದು ಮೂತಿ ಕೆಟ್ರೂ ಅವನಿಗೆ ಅದು ಪೂರ್ತಿ ಕೆಟ್ಟ ಫೋಟೋನೇ."

ಕಳೆದ ವರ್ಷ ಗೋಡೆಯಗಲದ ಪ್ರಿಂಟು ಕೇಳುವವರು ಹೆಚ್ಚಾದರೆಂದು ಅತ್ತೆ ಹಳೆಯ ಕ್ಯಾಮೆರಾ ಬದಿಗಿಟ್ಟು ಹೊಸದೊಂದು ತಂದರು. ಅಂಗಡಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಮೇಲಿನದು. ಡಬ್ಬಿ ಬಿಚ್ಚುವ ಮುನ್ನ ಅಂಗಡಿಯವನು ಕೈ ತೊಳೆದುಕೊಂಡು ಬಂದನೆಂದರೆ ನೀವೇ ಲೆಕ್ಕ ಹಾಕಿ. ಒಂದು ವರ್ಷದ ವಾರಂಟಿ ಕಾರ್ಡನ್ನು ಅತ್ತೆ ಮಾವನ ಹಳೆಯ ಕನ್ನಡಕದ ಡಬ್ಬಿಯಲ್ಲಿ ಮಡಿಸಿಟ್ಟರು.

ಮರುದಿನ ಬೆಳಿಗ್ಗೆ ಅದಕ್ಕೆ ಬೋಣಿ ಮಾಡಿಸಿದರು. ಈ ಬೋಣಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ಅಂಗಡಿಗಳಲ್ಲಿ ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ನಮ್ಮತ್ತೆಗೆ ಬೋಣಿ ಎಂದರೆ ದಿನದ ಮೊದಲ ಫೋಟೋ, ಅದೂ ಗಿರಾಕಿಯದಲ್ಲ, ಎದುರುಗಡೆಯ ಗೋದಾಮಿನ ಗೋಡೆಯದು. ಉದ್ದನೆಯ ಇಟ್ಟಿಗೆ ಗೋಡೆ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮಾರುದ್ದದ ಬಿಳಿ ಅಕ್ಷರಗಳಲ್ಲಿ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂದು ಬರೆದಿದೆ. ಸ್ಟುಡಿಯೋ ಹೊಸ್ತಿಲ ಒಳಗೆ ಮುಕ್ಕಾಲಿ ನಿಲ್ಲಿಸಲು ಮೂರು ಮರದ ಬಟ್ಟಲುಗಳನ್ನು ನೆಲಕ್ಕೆ ಕೂರಿಸಿಕೊಟ್ಟವನು ನಾನೇ. ಮೂರು ಕಾಲು ಮೂರು ಬಟ್ಟಲಿಗೆ ಬಿದ್ದರೆ ಕ್ಯಾಮೆರಾ ಪ್ರತಿದಿನ ಕೂದಲೆಳೆ ಆಚೀಚೆ ಆಗದೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅತ್ತೆ ಗುಂಡಿ ಒತ್ತಿ ಪಕ್ಕಕ್ಕೆ ಸರಿಯುತ್ತಾರೆ. ಹತ್ತು ಎಣಿಸುವಷ್ಟರಲ್ಲಿ ಕ್ಯಾಮೆರಾ ತಾನೇ ಫೋಕಸ್ ಹಿಡಿದು ತಾನೇ ಫೋಟೋ ತೆಗೆದುಕೊಳ್ಳುತ್ತದೆ. ಯಂತ್ರ ನಿದ್ದೆಯಿಂದ ಎದ್ದಿದೆಯೋ ಇಲ್ಲವೋ ನೋಡಲು ಮಾವ ಹಾಕಿಕೊಟ್ಟ ಪದ್ಧತಿ ಇದು. ನಡುವಿನ 'ವಾಹನ' ಎಂಬ ಅಕ್ಷರಗಳನ್ನು ಅತ್ತೆ ಒಮ್ಮೆ ನೋಡುತ್ತಾರೆ, ಸರಿಯಿದೆ ಎಂದು ತಲೆಯಾಡಿಸುತ್ತಾರೆ, ಆಮೇಲೆ ಗಿರಾಕಿಯ ಮುಖ ನೋಡುತ್ತಾರೆ. ಅಕ್ಷರಗಳ ಕೆಳಗೆ ದಿನಾ ಎರಡು ವಾಹನ ನಿಂತೇ ಇರುತ್ತವೆ, ಅದು ಬೇರೆ ಮಾತು.

ಎಂಟು ತಿಂಗಳು ಎಲ್ಲವೂ ಸುಸೂತ್ರ. ಒಂಬತ್ತನೇ ತಿಂಗಳಲ್ಲಿ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದೆವು. ನನ್ನ ಹೆಂಡತಿ ಆಸ್ಪತ್ರೆಯೊಂದರ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ವೈದ್ಯರನ್ನು ಅವಳೇ ನೋಡಿದ್ದಳು. ಕಟ್ಟು ಬಿಚ್ಚಿದ ಮೇಲೆ ಅತ್ತೆ ಮನೆಗೆ ಬಂದು ಮಾಡಿದ ಮೊದಲ ಕೆಲಸ, ನಾನು ಮಾಡಿದ ಕಪಾಟಿನ ಹತ್ತಿರ ನಿಂತು, "ಅಳಿಯಂದ್ರೇ, ಈ ಮೂಲೇಲಿ ಸಂದು ಬಿಟ್ಟಿದೀರಲ್ಲ, ಇಷ್ಟು ದಿನ ಕಂಡೇ ಇರ್ಲಿಲ್ಲ," ಎಂದದ್ದು.

ತಿಂಗಳು ಕಳೆದು ಮತ್ತೆ ಕೆಲಸಕ್ಕೆ ಕೂತರು. ಕೂತ ಎರಡನೇ ವಾರದಲ್ಲಿ ಒಬ್ಬ ದಢೂತಿ ಮನುಷ್ಯ ಗೋಡೆಯಗಲದ ಫೋಟೋ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಸ್ಟುಡಿಯೋಗೆ ನುಗ್ಗಿದ. ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆಯವರ ಗ್ರೂಪ್ ಅದು. ಈತ ಅವರ ಅಳಿಯ.

"ನಮ್ಮ ಮಾವನ ಮನೆಯವ್ರು ಹೇಳಿ ಮಾಡಿಸಿದ್ದಾ ಇದು?" ಎಂದ. "ಎಲ್ರೂ ಕನ್ನಡೀಲಿ ಕಂಡಂಗೆ ಕಾಣ್ತಿದಾರೆ. ಮಾವನ ಕಿವಿ ಕೂದಲು ಎಣಿಸ್ಬೋದು. ನನ್ನೊಬ್ಬನ್ನ ಮಾತ್ರ ಅಳಿಸಿದೀರ!"

ನಾನು ಕಿಟಕಿಗೆ ಕೀಲು ಹಾಕುತ್ತ ಅಲ್ಲೇ ಇದ್ದೆ. ಅಳಿಯ ಅಂದ್ಮೇಲೆ ಅಳಿಸ್ದೆ ಇರ್ತಾರಾ ಎಂಬ ಮಾತು ಅತ್ತೆಯ ಬಾಯಿಂದ ಈಗ ಬಂತು, ಆಗ ಬಂತು ಎಂದು ಕಾದೆ. ಬರಲಿಲ್ಲ. ಅವರು ಫೋಟೋವನ್ನು ಮೇಜಿನ ಮೇಲೆ ಹರಡಿ, ಬಲತುದಿಗೆ ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ, "ತಪ್ಪಾಗಿದೆ ಸ್ವಾಮಿ. ಸರಿ ಮಾಡಿಕೊಡ್ತೀನಿ, ಸ್ವಲ್ಪ ದಿನ ಕೊಡಿ," ಎಂದರು. ಅತ್ತೆ 'ತಪ್ಪಾಗಿದೆ' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ.

ಆತ ಹೋದ ಮೇಲೆ ಹೊಸ ಕ್ಯಾಮೆರಾದಲ್ಲಿ ತೆಗೆದ ಎಲ್ಲ ಗ್ರೂಪುಗಳನ್ನೂ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು. ಎಲ್ಲದರಲ್ಲೂ ಬಲತುದಿ ಮಬ್ಬು. ಲೆನ್ಸ್ ಬದಲಿಸಿ ನೋಡಿದರು, ಆಗಲೂ ಅಷ್ಟೇ. ಇಷ್ಟು ತಿಂಗಳು ಒಬ್ಬರೂ ಯಾಕೆ ದೂರಲಿಲ್ಲ ಎಂದು ನಿಮಗೆ ಅನಿಸಬಹುದು. ಅಲ್ಲಿ ನಿಂತಿರುತ್ತಿದ್ದವರು ಅಳಿಯಂದಿರು, ಸ್ವಾಮಿ. ಅವರು ಸ್ಪಷ್ಟವಾಗಿ ಕಂಡರೇನು, ಬಿಟ್ಟರೇನು?

ಸಂಜೆ ನನ್ನ ಹೆಂಡತಿ ಬಂದು ಎಲ್ಲ ನೋಡಿದಳು, ಅಮ್ಮನ ಪಕ್ಕ ಕೂತಳು.

"ಅಮ್ಮ, ಬೇಜಾರ್ ಮಾಡ್ಕೋಬೇಡ. ಇದು ಕಣ್ಣಿಂದು."

"ಕಣ್ಣು ಈಗ ಸರಿಯಾಗಿದೆ ಕಣೇ. ಸರಿಯಾಗಿರೋದಕ್ಕೇ ಇದು ನಂಗೆ ಕಾಣ್ತಿರೋದು. ಮತ್ತೆ ಈ ಫೋಟೋಗಳು ಆಪರೇಷನ್‌ಗಿಂತ ಮುಂಚಿನವು."

"ಮುಂಚೆ ಪೊರೆ ಇತ್ತಲ್ಲಮ್ಮ. ಈಗ ಆಪರೇಷನ್ ಆಗಿದೆ. ಗ್ರೂಪಿಗೆ ಫೋಕಸ್ ಕೈಯಲ್ಲೇ ಮಾಡ್ತೀಯ. ಅಷ್ಟು ದುಡ್ಡಿನ ಕ್ಯಾಮೆರಾ ತಪ್ಪು ಮಾಡುತ್ತಾ? ಅರವತ್ತಮೂರು ಆಯ್ತು. ಸಾಕು, ಅಂಗಡಿ ಮುಚ್ಚಿ ನಮ್ಮನೇಲಿ ಆರಾಮಾಗಿರು."

ಅವಳ ಮಾತಿನಲ್ಲಿ ಪ್ರೀತಿಯೇ ಇತ್ತು, ಇಲ್ಲವೆನ್ನಲಾರೆ. ಆದರೆ ಅತ್ತೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಮುಂದಿನ ತಿಂಗಳು ಬಸ್ ಡಿಪೋದ ಐವತ್ತನೇ ವರ್ಷದ ಗ್ರೂಪಿಗೆ ಅವರನ್ನು ಕರೆದಿದ್ದರು. ಇನ್ನೂರ ಹನ್ನೆರಡು ಜನ, ಡಿಪೋದ ಊಟದ ಹಾಲಿನ ಗೋಡೆಗೆ ಫೋಟೋ. ಅವರು ಇಲ್ಲಿಯವರೆಗೆ ತೆಗೆದದ್ದರಲ್ಲೆಲ್ಲ ದೊಡ್ಡದು.

ಅತ್ತೆ ಎದ್ದರು. ಮೊಳೆಗೆ ನೇತುಹಾಕಿದ್ದ ಸ್ಟುಡಿಯೋ ಬೀಗದ ಕೈ ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟರು.

"ಕೇಳೇ. ತಪ್ಪು ನನ್ನ ಕಣ್ಣಿಂದು ಅಂತ ಆದ್ರೆ ಡಿಪೋದವ್ರಿಗೆ ಬೇರೆಯವ್ರನ್ನ ನೋಡ್ಕೊಳ್ಳಿ ಅಂತೀನಿ, ಈ ಬೀಗದ ಕೈ ನಿನ್ನ ಕೈಗೇ ಕೊಡ್ತೀನಿ. ತಪ್ಪು ಕ್ಯಾಮೆರಾದ್ದು ಅಂತ ಆದ್ರೆ, ಈ ಜನ್ಮದಲ್ಲಿ ನೀನು ನನ್ನ ಕಣ್ಣಿನ ಸುದ್ದಿ ಎತ್ತಬಾರದು."

"ಆಯ್ತಮ್ಮ," ಎಂದಳು ನನ್ನ ಹೆಂಡತಿ. ಗೆಲ್ಲುವುದು ತಾನೇ ಎಂದು ಅವಳಿಗೆ ಖಾತ್ರಿಯಿತ್ತು.

ಕಂಪನಿಯ ಸರ್ವಿಸ್ ಸೆಂಟರ್ ಇರುವುದು ದೊಡ್ಡ ಊರಿನಲ್ಲಿ, ಬಸ್ಸಿನಲ್ಲಿ ಎರಡೂವರೆ ಗಂಟೆ. ವಾರಂಟಿ ಮುಗಿಯಲು ಇನ್ನು ಹದಿನೇಳು ದಿನವಿತ್ತು. ಕ್ಯಾಮೆರಾ ಚೀಲವನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತರು, ನಾನು ಅವರ ಬಲಕ್ಕೆ.

ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕೈಗೊಂದು ಟೋಕನ್ ಚೀಟಿ. ಕೌಂಟರಿನ ಹಿಂದೆ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಯುವಕನೊಬ್ಬ ಕೂತಿದ್ದ. ಅತ್ತೆ ಹೇಳಿದ್ದನ್ನು ಅರ್ಧ ಕೇಳಿ, ಕ್ಯಾಮೆರಾ ತಿರುಗಿಸಿ ನೋಡಿ, ಕೆಳಗಿನ ಮೂಲೆಯನ್ನು ಉಗುರಿನಿಂದ ಕೆರೆದ.

"ಇಲ್ಲಿ ತಗ್ಗಿದೆ. ಮೇಲೆ ಕಪ್ಪು ಇಂಕ್ ಹಚ್ಚಿದಾರೆ. ಬಿದ್ದಿದೆ ಇದು. ಬಿದ್ದಿದ್ದಕ್ಕೆ ವಾರಂಟಿ ಬರಲ್ಲ ಅಮ್ಮ."

"ನನ್ನ ಕೈಯಿಂದ ಇದು ಬಿದ್ದಿಲ್ಲಪ್ಪ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಜೇಬಿನಲ್ಲಿದ್ದ ಕಪ್ಪು ಮಾರ್ಕರಿನ ಮೇಲೆ ಹೋಯಿತು. ಹೌದು, ನನ್ನ ತಪ್ಪಿನ ಜಾಗ ಇದೇ. ಕ್ಯಾಮೆರಾ ಬಂದ ನಾಲ್ಕನೇ ತಿಂಗಳಲ್ಲಿ ಸ್ಟುಡಿಯೋದ ಗೋಡೆಗೆ ಕಪಾಟು ಕೂರಿಸುತ್ತಿದ್ದೆ. ಅತ್ತೆ ಹೊರಗೆ ಹೋಗಿದ್ದರು. ಹಲಗೆ ತಿರುಗಿಸುವಾಗ ಅದರ ತುದಿ ಮೇಜಿನ ಮೇಲಿದ್ದ ಕ್ಯಾಮೆರಾಕ್ಕೆ ತಗುಲಿತು. ಅದು ನೆಲದ ಮೇಲಿದ್ದ ಮರದ ಪುಡಿಯ ರಾಶಿಗೆ ಬಿತ್ತು. ನನ್ನ ಜೀವ ಬಾಯಿಗೆ ಬಂತು. ಎತ್ತಿ ಊದಿ, ಒರೆಸಿ, ಮೂಲೆಯ ತಗ್ಗಿಗೆ ಮರದ ಮೇಲೆ ಗುರುತು ಹಾಕುವ ಮಾರ್ಕರಿನಿಂದ ಕಪ್ಪು ಹಚ್ಚಿ, ಇದ್ದಲ್ಲೇ ಇಟ್ಟೆ. ಮರುದಿನ ಅದು ಎಂದಿನಂತೆ ಫೋಟೋ ತೆಗೆಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅಂದರೆ ಬಲತುದಿಯನ್ನು ಅಳಿಸಿದವನು ನಾನೇ ಎಂದು ಆ ಕೌಂಟರಿನ ಮುಂದೆ ನನಗೆ ಮನದಟ್ಟಾಯಿತು. ಹೇಳಬೇಕಿತ್ತು. ಹೇಳಿದರೆ ವಾರಂಟಿ ಹೋಗುತ್ತದೆ, ಹೇಳದಿದ್ದರೆ ಅತ್ತೆಯ ಕಣ್ಣಿನ ಮೇಲೆ ಬರುತ್ತದೆ. ನಾಲಿಗೆ ಉದ್ದ ಎಂದೆನಲ್ಲ, ಅಂದು ಅದು ಅಂಗುಳಕ್ಕೆ ಅಂಟಿಕೊಂಡಿತ್ತು.

ಯುವಕ ಅತ್ತೆಯ ಕಣ್ಣಿನ ಕಪ್ಪು ಕನ್ನಡಕ ನೋಡಿದ. "ಆಪರೇಷನ್ನಾ? ವಯಸ್ಸಾದ್ಮೇಲೆ ಕೈ ನಡುಗೋದು, ಕಣ್ಣು ಮಂಜಾಗೋದು ಇದ್ದಿದ್ದೇ," ಎಂದು ಚೀಟಿ ಬರೆದು ಕೊಟ್ಟ. ಬಿದ್ದು ಆದ ಹಾನಿ, ವಾರಂಟಿ ಅನ್ವಯಿಸದು. ನಾವು ತಿರುಗಿದ ಮೇಲೆ ಪಕ್ಕದವನಿಗೆ ಮೆಲ್ಲಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ.

ಅತ್ತೆಯ ಕಣ್ಣಿಗೆ ಆಪರೇಷನ್ ಆಗಿತ್ತು. ಕಿವಿಗಲ್ಲ.

ಬಸ್ಸಿನಲ್ಲಿ ಅರ್ಧ ದಾರಿ ಬಂದೆವು. ಆಮೇಲೆ ಇದ್ದಕ್ಕಿದ್ದಂತೆ, "ಅಳಿಯಂದ್ರೇ, ನನ್ನ ಕಣ್ಣೂ ಇಲ್ದೆ, ನನ್ನ ಕೈಯೂ ಇಲ್ದೆ ತೆಗ್ದಿರೋ ಫೋಟೋ ಯಾವ್ದು?" ಎಂದು ಕೇಳಿದರು.

ನಾನು ಅವರ ಕಡೆ ತಿರುಗುವಷ್ಟರಲ್ಲಿ ತಾವೇ ಉತ್ತರ ಹೇಳಿದರು.

"ಬೋಣಿ! ಕಾಲು ಮುಕ್ಕಾಲೀದು, ಫೋಕಸ್ ಕ್ಯಾಮೆರಾದ್ದೇ, ಬೆರಳೂ ಇಲ್ಲ. ಮನುಷ್ಯರಾದ್ರೆ ಅಲುಗಾಡಿದ್ರು ಅನ್ನಬೋದು. ಗೋಡೆ ಅಲುಗಾಡುತ್ತಾ?"

ಮಾರನೆಯ ದಿನದಿಂದ ಸ್ಟುಡಿಯೋದ ಹಿಂದಿನ ಕೋಣೆ ಮತ್ತೆ ಅಂಚು ಕತ್ತರಿಸುವ ಕೋಣೆಯಾಯಿತು. ಕ್ಯಾಮೆರಾ ಬಂದ ದಿನದಿಂದ ತೆಗೆದ ಬೋಣಿ ಫೋಟೋಗಳನ್ನೆಲ್ಲ ಹೊರತೆಗೆದು, ವಾರಕ್ಕೊಂದರಂತೆ ಪ್ರಿಂಟು ಹಾಕಿ, ನಡುವಿನ 'ವಾಹನ' ಎಂಬುದನ್ನೂ ಬಲತುದಿಯ 'ಬಾರದು' ಎಂಬುದನ್ನೂ ಪಟ್ಟಿಯಾಗಿ ಕತ್ತರಿಸಿ, ಪಕ್ಕಪಕ್ಕ ಆಲ್ಬಮ್ಮಿಗೆ ಅಂಟಿಸಿದರು. ಪ್ರತಿ ಪಟ್ಟಿಯ ಕೆಳಗೆ ತಾರೀಖು. ಮೂರನೇ ದಿನ ಮಧ್ಯಾಹ್ನ ನನ್ನನ್ನು ಕರೆದು ಕೂರಿಸಿದರು.

"ಓದಿ."

ಮೊದಲ ಪುಟ ತೆರೆದೆ. ಕ್ಯಾಮೆರಾದ ಮೊದಲ ಬೆಳಿಗ್ಗೆ. 'ವಾಹನ' ಕೊರೆದಿಟ್ಟ ಹಾಗಿತ್ತು, ಇಟ್ಟಿಗೆಯ ಸಂದಿನ ಸುಣ್ಣವೂ ಕಾಣುತ್ತಿತ್ತು. 'ಬಾರದು' ಮಾತ್ರ ನೀರು ಬಿದ್ದ ಬಳಪದ ಬರಹದ ಹಾಗೆ ಕದಡಿತ್ತು. ಎರಡನೇ ವಾರವೂ ಹಾಗೇ. ಮೂರನೇದು, ನಾಲ್ಕನೇದು, ಎಲ್ಲ ಹಾಗೇ. ನಾನು ಅವಸರವಾಗಿ ಪುಟ ತಿರುಗಿಸಿ ಕಪಾಟು ಕೂರಿಸಿದ ವಾರಕ್ಕೆ ಬಂದೆ. ಅದರ ಹಿಂದಿನ ವಾರ, ಮುಂದಿನ ವಾರ, ಎರಡರಲ್ಲೂ ಅದೇ ಮಬ್ಬು, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎದೆಯ ಮೇಲಿದ್ದ ಚಪ್ಪಡಿ ಜಾರಿದಂತಾಯಿತು. ನಾನು ಬೀಳಿಸಿದ್ದು ನಿಜ, ಕೆಡಿಸಿದವನು ನಾನಲ್ಲ. ಆದರೂ ಬಾಯಿ ಬಿಡಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಬೋಣಿ ಬೇಕು ನೋಡಿ, ನನಗೆ ಅದು ಆಗಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರು," ಎಂದು ಅತ್ತೆ ಆಲ್ಬಮ್ ಮುಚ್ಚಿದರು. "ನಡೀರಿ."

ಅದೇ ಕೌಂಟರ್, ಅದೇ ಯುವಕ. ಆಲ್ಬಮ್ ತಿರುವಿ ನೋಡುವಾಗ ಅವನ ಹುಬ್ಬು ಒಮ್ಮೆ ಮೇಲೇರಿದ್ದನ್ನು ನಾನು ಗಮನಿಸಿದೆ. ಆದರೆ ಕೌಂಟರಿನ ಹಿಂದೆ ಕೂತವನು ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ?

"ಮೊದಲ ದಿನದಿಂದ ಮಬ್ಬಿದೆ ಅಂದ್ರೆ ಮೊದಲ ದಿನಾನೇ ಬಿದ್ದಿದೆ ಅಂತ ಆಯ್ತು ಅಮ್ಮ. ಮನೆಗೆ ತಗೊಂಡು ಹೋಗುವಾಗ್ಲೇ ಬೀಳಿಸಿರ್ಬೋದು. ಬೀಳೋಕೆ ಮುಂಚೆ ಸರಿ ಇತ್ತು ಅನ್ನೋಕೆ ಒಂದು ಫೋಟೋನೂ ಇಲ್ವಲ್ಲ."

ಅತ್ತೆ ಬಾಯಿ ತೆರೆದರು. ಮೂರನೇ ಸಾಲಿನ ಮೀಸೆಯವರೆಗೆ ಕೇಳಿಸುವ ಅವರ ದನಿ ಅಲ್ಲಿ ನಿಂತುಹೋಯಿತು. ಅವರ ಬೆರಳುಗಳು ಆಲ್ಬಮ್ಮಿನ ಅಂಚನ್ನು ಸವರುತ್ತಿದ್ದವು. ನನಗೆ ಇನ್ನು ತಡೆಯಲಾಗಲಿಲ್ಲ.

"ಮೊದಲ ದಿನ ಬಿದ್ದಿಲ್ಲ!" ಎಂದೆ. ಎಷ್ಟು ಜೋರಾಗಿ ಎಂದರೆ ಟೋಕನ್ ಹಿಡಿದು ಕೂತವರೆಲ್ಲ ತಿರುಗಿ ನೋಡಿದರು. "ನಾಲ್ಕನೇ ತಿಂಗಳಲ್ಲಿ ಬಿತ್ತು. ಹನ್ನೊಂದನೇ ತಾರೀಖು, ಮಂಗಳವಾರ, ಮಧ್ಯಾಹ್ನ. ಬೀಳಿಸಿದ್ದು ನಾನು. ಅವತ್ತು ಕೂರಿಸಿದ ಕಪಾಟಿನ ಹಿಂದೆ ಪೆನ್ಸಿಲಲ್ಲಿ ತಾರೀಖು ಬರೆದಿದೀನಿ, ಬೇಕಿದ್ರೆ ಕಳಚಿ ತಂದು ತೋರಿಸ್ತೀನಿ. ಕಪ್ಪು ಹಚ್ಚಿದ್ದೂ ನಾನೇ. ಅತ್ತೆಗೆ ಗೊತ್ತಿಲ್ಲ. ಆ ತಾರೀಖಿನ ಹಿಂದಿಂದು ನೋಡಿ, ಮುಂದಿಂದು ನೋಡಿ. ವ್ಯತ್ಯಾಸ ಇದ್ರೆ ನನ್ನ ಕಿವಿ ಕತ್ತರಿಸಿ!"

ಗದ್ದಲ ಕೇಳಿ ಒಳಗಿನಿಂದ ಒಬ್ಬರು ಬಂದರು. ತಲೆ ನೆರೆತ, ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡ ಹಿರಿಯ ರಿಪೇರಿಯವರು. ಯುವಕ ಎದ್ದು ನಿಂತ. ಅವರು ಏನೂ ಕೇಳದೆ ಆಲ್ಬಮ್ ತೆಗೆದುಕೊಂಡು, ಭೂತಗನ್ನಡಿ ಇಳಿಸಿ, ಒಂದೊಂದೇ ಪಟ್ಟಿ ನೋಡಿದರು.

"ಇದನ್ನ ಮಾಡಿದವ್ರು ಯಾರು?"

"ನಾನು," ಎಂದರು ಅತ್ತೆ.

"ಬೀಳಿಸಿದವ್ರು?"

"ನಾನು," ಎಂದೆ.

"ಇಪ್ಪತ್ತೆಂಟು ವರ್ಷದಿಂದ ಈ ಕೆಲಸದಲ್ಲಿದೀನಿ. ಬೀಳಿಸಿಲ್ಲ ಅನ್ನೋ ಗಿರಾಕಿಗಳನ್ನೇ ನೋಡಿರೋದು. ಬೀಳಿಸಿದ್ದು ಇಂಥ ವಾರ ಅಂತ ಹೇಳೋನನ್ನ ಇವತ್ತೇ ನೋಡಿದ್ದು," ಎಂದು ಅವರು ನಕ್ಕರು. "ಬನ್ನಿ ಅಮ್ಮ. ನಿಮ್ಮ ಮುಂದೇನೇ ಬಿಚ್ತೀನಿ."

ಗಾಜಿನ ಗೋಡೆಯ ಈಚೆ ನಾವು ನಿಂತೆವು, ಆಚೆ ಅವರು ಕೂತರು. ಸಾಸಿವೆ ಗಾತ್ರದ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದರು. ಅತ್ತೆ ಉಸಿರಾಡುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಅರ್ಧ ಗಂಟೆಯ ಮೇಲೆ ನಮ್ಮನ್ನು ಒಳಗೆ ಕರೆದು ಭೂತಗನ್ನಡಿಯನ್ನು ಅತ್ತೆಯ ಕೈಗೆ ಕೊಟ್ಟರು.

"ಬಿಂಬ ಬೀಳೋ ಬಿಲ್ಲೆ ಇದು. ಮೂರು ಸ್ಕ್ರೂ ಮೇಲೆ ಕೂರುತ್ತೆ. ಪ್ರತಿ ಸ್ಕ್ರೂ ಕೆಳಗೆ ಕಾಗದದಷ್ಟು ತೆಳ್ಳಗಿನ ಒಂದು ವಾಷರ್ ಇರ್ಬೇಕು. ಇಲ್ಲಿ ಒಂದು. ಇಲ್ಲಿ ಒಂದು. ಈ ಕಡೆ?"

ಅತ್ತೆ ಬಗ್ಗಿದರು, ಕಪ್ಪು ಕನ್ನಡಕ ತೆಗೆದು ಭೂತಗನ್ನಡಿಯಲ್ಲಿ ನೋಡಿದರು. "ಎರಡಿದೆ," ಎಂದರು.

"ಎರಡಿದೆ. ಕಂಪನಿಯಲ್ಲಿ ಜೋಡಿಸುವಾಗ ಒಂದಕ್ಕೊಂದು ಅಂಟಿಕೊಂಡು ಬಂದಿದೆ. ಸ್ಕ್ರೂ ಮೇಲಿನ ಕೆಂಪು ಮೊಹರು ಹಾಗೇ ಇದೆ, ಯಾರೂ ಬಿಚ್ಚಿಲ್ಲ. ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊರಗಿನ ತಗಡು ತಗ್ಗಾಗಿದೆ, ಅಷ್ಟೇ."

ನನಗೆ ಒಂದೇ ಮಾತಿಗೆ ಅರ್ಥವಾಯಿತು. ಬಾಗಿಲಿನ ಒಂದು ಕೀಲಿನ ಕೆಳಗೆ ರಟ್ಟಿನ ಚೂರು ಹೆಚ್ಚಾದರೆ ಬಾಗಿಲು ಒಂದು ಕಡೆ ಸರಿಯಾಗಿ ಕೂರುತ್ತದೆ, ಇನ್ನೊಂದು ಕಡೆ ಸಂದು ಬಿಡುತ್ತದೆ. ರಸಮಟ್ಟ ಇಟ್ಟರೆ ಗುಳ್ಳೆ ಓಡುತ್ತದೆ.

"ಅಂದ್ರೆ ಸಾರ್," ಎಂದೆ, "ನೆಲಾನೇ ಡೊಂಕು."

"ನೆಲಾನೇ ಡೊಂಕು," ಎಂದರು ಅವರು.

ಅತ್ತೆ ನಿಧಾನವಾಗಿ ತಿರುಗಿದರು. ಯುವಕ ಬಾಗಿಲ ಬಳಿ ನಿಂತಿದ್ದ. ಕಿವಿ ಕೆಂಪಾಗಿತ್ತು.

"ಏನಪ್ಪಾ, ಕೇಳಿಸ್ತಾ? ನೆಲ ಡೊಂಕಿತ್ತಂತೆ. ಕುಣಿಯೋಳು ಚೆನ್ನಾಗೇ ಕುಣೀತಿದ್ಲು."

"ಸಾರಿ ಅಮ್ಮ," ಎಂದ. ಮುಖ ನೋಡಿದರೆ ನಿಜವಾಗಿಯೂ ನಾಚಿದ್ದ.

ಹಿರಿಯರು ಹಳೆಯ ಚೀಟಿ ಹರಿದು ಹೊಸ ಚೀಟಿ ಬರೆದರು. ತಯಾರಿಕೆಯ ದೋಷ, ಪೂರ್ತಿ ವಾರಂಟಿಯಲ್ಲಿ ದುರಸ್ತಿ. ಅತ್ತೆ ಅದನ್ನು ಎರಡು ಸಲ ಓದಿ ಮಾವನ ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತರು. ನನ್ನ ಕಣ್ಣಲ್ಲಿ ನೀರು ಬಂತು. ಗಂಡಸು, ಬಡಗಿ, ಏನು ಬೇಕಾದರೂ ಅನ್ನಿ, ಬಂತು.

ಬಸ್ಸು ಊರು ಬಿಟ್ಟ ಮೇಲೆ ಅತ್ತೆಯ ಕಡೆ ನೋಡದೆ, "ಅತ್ತೆ, ಆವತ್ತೇ ಹೇಳ್ಬೇಕಿತ್ತು. ತಪ್ಪಾಯ್ತು," ಎಂದೆ.

"ಗೊತ್ತಿತ್ತು," ಎಂದರು.

"ಏನು ಗೊತ್ತಿತ್ತು?"

"ಬೀಳಿಸಿದ್ದು. ಸಂಜೆ ಬಂದು ನೋಡ್ತೀನಿ, ಕ್ಯಾಮೆರಾದ ಸಂದಿಯೆಲ್ಲ ಮರದ ಪುಡಿ. ಕುಂಚ ತಗೊಂಡು ಅರ್ಧ ಗಂಟೆ ತೆಗ್ದೆ. ನಮ್ಮ ಬೀದೀಲಿ ಇರೋ ಬಡಗಿ ಎಷ್ಟು ಜನ?"

"ಮತ್ತೆ ಯಾಕೆ ಬೈಲಿಲ್ಲ?"

"ನೀವಾಗೇ ಹೇಳ್ತೀರ ಅಂತ ಕಾದೆ. ಇಷ್ಟು ತಡ ಮಾಡ್ತೀರ ಅಂತ ಅಂದ್ಕೊಂಡಿರ್ಲಿಲ್ಲ. ಅಳಿಯಂದ್ರು ಅಲ್ವಾ, ಬರೋದು ಕೊನೇಲೇ."

ನನ್ನ ಕೈಯಿಂದ ಇದು ಬಿದ್ದಿಲ್ಲ ಎಂದು ಮೊದಲ ದಿನ ಅವರು ಆಡಿದ ಮಾತು ಆಗ ನೆನಪಾಯಿತು. ಸುಳ್ಳು ಹೇಳಿರಲಿಲ್ಲ, ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

ಒಂಬತ್ತನೇ ದಿನ ಕರೆ ಬಂತು. ಹೋದೆವು. ಕ್ಯಾಮೆರಾ ಕೈಗೆ ಬಂದ ಕೂಡಲೇ ಅತ್ತೆ, "ಪರೀಕ್ಷೆ ಮಾಡ್ದೆ ಸಹಿ ಹಾಕಲ್ಲ," ಎಂದರು. "ಎಲ್ರೂ ಬನ್ನಿ ಇಲ್ಲಿ. ಎಲ್ರೂ ಅಂದ್ರೆ ಎಲ್ರೂ!"

ಮೂರನೇ ಸಾಲಿಗೆ ಮುಟ್ಟುವ ಆ ದನಿ ಮರಳಿ ಬಂದಿತ್ತು. ಕೌಂಟರಿನವರು, ರಿಪೇರಿಯವರು, ನೆಲ ಒರೆಸುವಾಕೆ, ಟೋಕನ್ ಹಿಡಿದು ಕೂತಿದ್ದ ಗಿರಾಕಿಗಳು ಕೂಡ ಎದ್ದು ಸಾಲಾದರು. ಹಿರಿಯ ರಿಪೇರಿಯವರನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ಅವರು, "ನಾನೂ ಮನೆ ಅಳಿಯನೇ ಅಮ್ಮ, ತುದೀಲಿ ನಿಲ್ಲೋ ಅಭ್ಯಾಸ ಇದೆ," ಎಂದರೂ ಬಿಡಲಿಲ್ಲ. ಕೊನೆಗೆ ಕೌಂಟರಿನ ಯುವಕನನ್ನು ತೋಳು ಹಿಡಿದು ಬಲತುದಿಗೆ ತಂದರು.

"ಮದ್ವೆ ಆಗಿದ್ಯೇನಪ್ಪ?"

"ಇಲ್ಲಮ್ಮ."

"ಪರ್ವಾಗಿಲ್ಲ. ಇವತ್ತು ಒಂದು ನಿಮಿಷ ಅಳಿಯ ಆಗು. ಗದ್ದ ಇಳ್ಸು!"

ಅಲ್ಲಿಯ ದೊಡ್ಡ ಪರದೆಯ ಮೇಲೆ ಹಾಕಿ ನೋಡಿದೆವು. ಬಲತುದಿಯನ್ನು ಅತ್ತೆ ಹಿಗ್ಗಿಸುತ್ತ 'ಓದಿ' ಎನ್ನುವಂತೆ ನನ್ನ ಕಡೆ ನೋಡಿದರು. ಯುವಕನ ಎದೆಯ ಬಿಲ್ಲೆಯ ಮೇಲಿನ ಸಣ್ಣ ಅಕ್ಷರಗಳು, ಕಾಲರಿನ ಬಿಚ್ಚಿದ ದಾರ, ಬೆಳಿಗ್ಗೆ ಅವಸರದಲ್ಲಿ ಕ್ಷೌರ ಮಾಡಿಕೊಂಡ ಗದ್ದದ ಗಾಯ, ಎಲ್ಲ ಇದ್ದವು. ಯುವಕ ಸ್ವಲ್ಪ ಹೊತ್ತು ತನ್ನ ಮುಖ ನೋಡಿಕೊಂಡು, "ಅಮ್ಮ, ಇದರದ್ದೊಂದು ಪ್ರಿಂಟ್ ನಂಗೆ ಕಳಿಸ್ತೀರಾ?" ಎಂದು ಕೇಳಿದ. ಅತ್ತೆ ಸಹಿ ಹಾಕಿದರು.

ಡಿಪೋದ ಗ್ರೂಪ್ ಆದ ದಿನ ಅತ್ತೆ ಬಸ್ಸಿನ ನೆತ್ತಿಯ ಮೇಲೆ ಹತ್ತಿ ನಿಂತಿದ್ದರು. ಇನ್ನೂರ ಹನ್ನೆರಡು ಜನ ಐದು ಸಾಲಾಗಿ ನಿಂತರು. ಡಿಪೋದಲ್ಲಿ ಅಳಿಯಂದಿರು ಎಂಬ ವಿಭಾಗ ಇಲ್ಲದ್ದರಿಂದ ಬಲತುದಿಗೆ ಬಸ್ ತೊಳೆಯುವವರು ಬಂದರು. ಅತ್ತೆ ಮೂರೇ ಸಲ ಗುಂಡಿ ಒತ್ತಿದರು. ಎಂದಿನಂತೆ ಒಂದು ತಮಗೆ, ಒಂದು ಅವರಿಗೆ, ಒಂದು ಕಣ್ಣು ಮುಚ್ಚಿದವನಿಗೆ.

ಊಟದ ಹಾಲಿನಲ್ಲಿ ಫೋಟೋ ತೂಗುಹಾಕುವ ದಿನ ಚೌಕಟ್ಟು ಹಿಡಿದವನು ನಾನು. ಚೌಕಟ್ಟು ನನ್ನದೇ, ರಸಮಟ್ಟ ಇಟ್ಟು ಮೊಳೆ ಹೊಡೆದೆ. ಪರದೆ ಸರಿಸಿದ ಕೂಡಲೇ ಇನ್ನೂರ ಹನ್ನೆರಡು ಜನವೂ ಒಂದೇ ಸಲ ಮುಂದೆ ನುಗ್ಗಿ ಅವರವರ ಮೂತಿ ಹುಡುಕಿಕೊಂಡರು. ಬಲತುದಿಯಲ್ಲಿ ನಿಂತಿದ್ದ, ಬಸ್ ತೊಳೆಯುವ ಮುದುಕರೊಬ್ಬರು ಗೋಡೆಯ ಹತ್ತಿರ ಹೋಗಿ ತಮ್ಮ ಮುಖವನ್ನು ಬೆರಳಿನಿಂದ ಮುಟ್ಟಿ, "ನೋಡ್ರಪ್ಪಾ, ನಾನೂ ಇದೀನಿ," ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ನನ್ನ ಹೆಂಡತಿ ಹಾಲಿನ ಇನ್ನೊಂದು ತುದಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಅಲ್ಲಿಂದಲೇ ಬಲತುದಿಯ ಒಂದೊಂದು ಮುಖವನ್ನೂ ನೋಡಿದಳು. ಆಮೇಲೆ ಅಮ್ಮನ ಹತ್ತಿರ ಬಂದು ಕೈಚೀಲದಿಂದ ಸ್ಟುಡಿಯೋ ಬೀಗದ ಕೈ ತೆಗೆದಳು. ಸೋತರೆ ಕೊಡುತ್ತೇನೆಂದು ಅಮ್ಮ ಅಂದು ಮೇಜಿನ ಮೇಲಿಟ್ಟಿದ್ದನ್ನು ಅವಳು ಆಗಲೇ ಎತ್ತಿಟ್ಟುಕೊಂಡಿದ್ದಳಂತೆ, ಅತ್ತೆ ಇಷ್ಟು ದಿನ ಇನ್ನೊಂದು ಬೀಗದ ಕೈಯಿಂದ ಅಂಗಡಿ ತೆರೆಯುತ್ತಿದ್ದರು. ಅವಳು ಅದನ್ನು ಅಮ್ಮನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಅಮ್ಮ, ನಿನ್ನ ಕಣ್ಣು..." ಎಂದು ಶುರುಮಾಡಿದಳು.

ಅತ್ತೆ ಮೂರನೇ ಸಾಲಿಗೆ ಕೇಳುವ ದನಿಯಲ್ಲಿ, "ಏಯ್! ಬಾರದು!" ಎಂದರು.